ಗುಡ್ಡದ ದಾರಿಗೆ ಗುಂಪು ಸವಾರಿ: ಸೈಕಲ್ ಬಳಗಗಳ ಕಥೆ, ಕ್ರಮ, ಕಟ್ಟುಪಾಡು

ಭಾನುವಾರ ಬೆಳಗಿನ ಜಾವ ಐದು ಗಂಟೆ. ಹೆಬ್ಬಾಳದ ಮೇಲ್ಸೇತುವೆಯ ಸುತ್ತ ಇನ್ನೂ ಕತ್ತಲು. ಹಾಲಿನ ವ್ಯಾನುಗಳು, ವಿಮಾನ ನಿಲ್ದಾಣಕ್ಕೆ ಧಾವಿಸುವ ಟ್ಯಾಕ್ಸಿಗಳ ಪಕ್ಕದಲ್ಲೇ ಕೆಂಪು ದೀಪ ಮಿನುಗಿಸುತ್ತ ಹತ್ತು-ಹದಿನೈದು ಸೈಕಲ್ಲುಗಳ ಸಾಲೊಂದು ಉತ್ತರಕ್ಕೆ ಸಾಗುತ್ತದೆ. ಸಾಲಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ, ವೈದ್ಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಅವರ ಗುರಿ ನಂದಿಬೆಟ್ಟ. ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವೂ ಇಲ್ಲ. ಬೆಟ್ಟದ ಮೇಲೆ ಒಟ್ಟಿಗೆ ನಿಂತು ಚಹಾ ಕುಡಿದು, ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೆ ಆ ದಿನದ ಕಾರ್ಯಕ್ರಮ ಸಂಪನ್ನ.

ಕಳೆದ ಎರಡು ದಶಕಗಳಲ್ಲಿ ರಾಜ್ಯದ ಬಹುತೇಕ ನಗರಗಳಲ್ಲಿ ಇಂಥ ಬಳಗಗಳು ಹುಟ್ಟಿಕೊಂಡಿವೆ. ಹೊರನೋಟಕ್ಕೆ ಇದೊಂದು ಸರಳ ಹವ್ಯಾಸ. ಆದರೆ ಬೆಟ್ಟದ ದಾರಿಯಲ್ಲಿ ಹತ್ತಾರು ಮಂದಿಯನ್ನು ಕರೆದೊಯ್ದು ಕರೆತರುವುದು ಸುಲಭದ ಮಾತಲ್ಲ. ಅದಕ್ಕೊಂದು ಇತಿಹಾಸವಿದೆ, ಲೆಕ್ಕಾಚಾರವಿದೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಶಿಸ್ತು ಇದೆ. ಸೇರಬಯಸುವವರಿಗೂ ಬಳಗ ಕಟ್ಟಬಯಸುವವರಿಗೂ ನೆರವಾಗಲೆಂದು ಅವುಗಳ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಸ್ಪರ್ಧೆಯಲ್ಲ, ಸಂಚಾರ

ಸೈಕಲ್ ಸವಾರಿಯಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಸ್ಪರ್ಧೆ. ಎರಡನೆಯದು ನಿಗದಿತ ಅವಧಿಯೊಳಗೆ ದೂರವನ್ನು ಕ್ರಮಿಸುವ ದೀರ್ಘ ಸವಾರಿ. ಮೂರನೆಯದು ಬಳಗದ ಸವಾರಿ. ಇಲ್ಲಿ ದಾರಿಯೂ ಸಹವಾಸವೂ ಮುಖ್ಯ, ವೇಗ ಗೌಣ. ಹೊರಡುವ ಸ್ಥಳ, ಸಮಯ, ದಾರಿ, ಅಂದಾಜು ವೇಗ, ಉಪಾಹಾರದ ತಾಣ ಇವನ್ನು ಮುಂಚಿತವಾಗಿ ತಿಳಿಸಲಾಗುತ್ತದೆ. ಮುಂದೆ ದಾರಿ ಬಲ್ಲ ಮುಂದಾಳು, ಕಟ್ಟಕಡೆಗೆ ಯಾರನ್ನೂ ದಾಟಿ ಹೋಗದ ಅನುಭವಿ ಕಾವಲು ಸವಾರ. ಈ ಇಬ್ಬರ ನಡುವೆ ಉಳಿದವರೆಲ್ಲರೂ. ಹಿಂದಿನ ಕಾವಲು ಸವಾರರನ್ನು ಬಳಗಗಳಲ್ಲಿ ‘ಸ್ವೀಪ್’ ಎಂದೇ ಕರೆಯುವುದು ರೂಢಿ.

ಹಾರೋಗೇಟ್‌ನಿಂದ ಆಶ್‌ಬೋರ್ನ್‌ವರೆಗೆ

ಸಂಘ ಕಟ್ಟಿಕೊಂಡು ಸೈಕಲ್ ಪ್ರವಾಸ ಹೋಗುವ ಪದ್ಧತಿಗೆ ಸುಮಾರು ಒಂದೂವರೆ ಶತಮಾನದ ಚರಿತ್ರೆಯಿದೆ. 1878ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಾರೋಗೇಟ್ ಪಟ್ಟಣದಲ್ಲಿ ‘ಬೈಸಿಕಲ್ ಟೂರಿಂಗ್ ಕ್ಲಬ್’ ಸ್ಥಾಪನೆಯಾಯಿತು. 1883ರಲ್ಲಿ ಅದು ‘ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್’ ಎಂದು ಹೆಸರು ಬದಲಿಸಿಕೊಂಡಿತು. 2016ರಿಂದ ‘ಸೈಕ್ಲಿಂಗ್ ಯುಕೆ’ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

ಆ ಕಾಲದ ಸೈಕಲ್ಲುಗಳಿಗೆ ಮುಂದೆ ಭಾರೀ ಗಾಲಿ, ಹಿಂದೆ ಪುಟ್ಟ ಗಾಲಿ. ಬ್ರೇಕ್ ಹೆಸರಿಗೆ ಮಾತ್ರ. ಗುಡ್ಡ ಇಳಿಯುವುದೆಂದರೆ ಪ್ರಾಣವನ್ನು ಕೈಯಲ್ಲಿ ಹಿಡಿದಂತೆಯೇ. ಆದ್ದರಿಂದಲೇ ಸೈಕಲ್ ಸಂಘಗಳು 1880ರ ದಶಕದಲ್ಲಿ ಕಡಿದಾದ ಇಳಿಜಾರುಗಳ ನೆತ್ತಿಯ ಮೇಲೆ ಸವಾರರನ್ನು ಎಚ್ಚರಿಸುವ ಎರಕದ ಕಬ್ಬಿಣದ ಫಲಕಗಳನ್ನು ತಮ್ಮ ಖರ್ಚಿನಲ್ಲಿ ನೆಡಿಸಿದವು. ಮೋಟಾರು ವಾಹನಗಳ ಯುಗಕ್ಕೂ ಮುನ್ನವೇ ರಸ್ತೆ ಸುರಕ್ಷತಾ ಫಲಕಗಳಿಗೆ ಸೈಕಲ್ ಸವಾರರು ನಾಂದಿ ಹಾಡಿದ್ದರು ಎಂಬುದು ಗಮನಾರ್ಹ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ‘ರೋವರ್’ ಸೈಕಲ್ಲು ಎರಡೂ ಗಾಲಿಗಳನ್ನು ಬಹುತೇಕ ಸಮಗಾತ್ರಕ್ಕೆ ತಂದು, ಹಿಂದಿನ ಗಾಲಿಗೆ ಚೈನ್ ಜೋಡಿಸಿತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಇವೆರಡೂ ಸೇರಿ ಸೈಕಲ್ಲನ್ನು ಸಾಹಸಿಗರ ಕೈಯಿಂದ ಜನಸಾಮಾನ್ಯರ ಕೈಗೆ ತಂದವು.

ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1894ರಲ್ಲಿ ‘ಕ್ಲಾರಿಯನ್ ಸೈಕ್ಲಿಂಗ್ ಕ್ಲಬ್’ ಜನ್ಮ ತಾಳಿತು. ರಾಬರ್ಟ್ ಬ್ಲಾಚ್‌ಫರ್ಡ್ ನಡೆಸುತ್ತಿದ್ದ ‘ಕ್ಲಾರಿಯನ್’ ಎಂಬ ಸಮಾಜವಾದಿ ಪತ್ರಿಕೆಯ ಓದುಗರು ಕಟ್ಟಿದ ಸಂಘವದು. ಮರುವರ್ಷ ಈಸ್ಟರ್ ರಜೆಯಲ್ಲಿ ವಿವಿಧ ನಗರಗಳ ಶಾಖೆಗಳು ಡರ್ಬಿಷೈರ್‌ನ ಗುಡ್ಡಗಳ ತಪ್ಪಲಿನ ಆಶ್‌ಬೋರ್ನ್ ಪಟ್ಟಣದಲ್ಲಿ ಕಲೆತು ರಾಷ್ಟ್ರೀಯ ಸಂಘವನ್ನು ರಚಿಸಿದವು. ವಾರವಿಡೀ ಕಾರ್ಖಾನೆಯ ಹೊಗೆಯಲ್ಲಿ ದುಡಿಯುವವರಿಗೆ ಭಾನುವಾರದ ಗುಡ್ಡಗಾಡು ತೆರೆದುಕೊಂಡದ್ದು ಸೈಕಲ್ಲಿನಿಂದ. ಪತ್ರಿಕೆ ಹಂಚುವುದು, ಭಾಷಣ, ಹಾಡು, ಒಟ್ಟಿಗೆ ಊಟ ಎಲ್ಲವೂ ಸವಾರಿಯ ಭಾಗವಾಗಿದ್ದವು.

ಮಹಿಳೆಯರ ಪಾಲಿಗೂ ಸಂಘದ ಬೆಂಬಲ ಮಹತ್ವದ್ದಾಗಿತ್ತು. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬವರು ಸವಾರಿಗೆ ಅನುಕೂಲವಾದ ಇಜಾರದಂಥ ಉಡುಪು ಧರಿಸಿದ್ದರೆಂಬ ಕಾರಣಕ್ಕೆ ಸರ್ರೆ ಪ್ರಾಂತದ ಹೋಟೆಲೊಂದರ ಕಾಫಿ ಕೋಣೆಯಲ್ಲಿ ಅವರಿಗೆ ಪ್ರವೇಶ ನಿರಾಕರಿಸಲಾಯಿತು. ಟೂರಿಂಗ್ ಕ್ಲಬ್ಬು ಅವರ ಪರವಾಗಿ 1899ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಮೊಕದ್ದಮೆಯಲ್ಲಿ ಸೋಲಾದರೂ ವಿಷಯ ದೇಶದಾದ್ಯಂತ ಚರ್ಚೆಗೆ ಬಂತು.

ಫ್ರಾನ್ಸಿನ ಎರಡು ಮಾರ್ಗ

ಬೆಟ್ಟ ಹತ್ತುವ ವಿದ್ಯೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮೊದಲು ನೆನೆಯಬೇಕಾದವರು ಫ್ರಾನ್ಸಿನ ಪಾಲ್ ದ ವಿವಿ (1853-1930). ಸೈಂಟ್ ಎಟಿಯೆನ್ ನಗರದ ರೇಷ್ಮೆ ವ್ಯಾಪಾರಿಯಾಗಿದ್ದ ಇವರು 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಆರಂಭಿಸಿ, ‘ವೆಲೊಸಿಯೊ’ ಎಂಬ ಕಾವ್ಯನಾಮದಲ್ಲಿ ಬರೆದರು. ಒಂದಕ್ಕಿಂತ ಹೆಚ್ಚು ಗೇರುಗಳಿದ್ದರೆ ಸಾಮಾನ್ಯನೂ ಬೆಟ್ಟ ಹತ್ತಬಲ್ಲ ಎಂಬುದು ಇವರ ವಾದ. ಗೇರು ದುರ್ಬಲರಿಗೆ ಎಂಬ ಹೀಗಳಿಕೆ ಆಗ ಪ್ರಬಲವಾಗಿತ್ತು. ಪ್ರಖ್ಯಾತ ಟೂರ್ ದ ಫ್ರಾನ್ಸ್ ಸ್ಪರ್ಧೆಯು ಗೇರು ಬದಲಿಸುವ ಡಿರೇಲರ್ ಸಾಧನಕ್ಕೆ ಅನುಮತಿ ನೀಡಿದ್ದು 1937ರಲ್ಲಿ, ವೆಲೊಸಿಯೊ ತೀರಿಕೊಂಡ ಏಳು ವರ್ಷಗಳ ಬಳಿಕ. ಹಸಿಯುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ದಣಿವು ಮಿತಿ ಮೀರುವಷ್ಟು ತುಳಿಯಬಾರದು, ಬರಿಯ ಪ್ರತಿಷ್ಠೆಗಾಗಿ ಸವಾರಿ ಮಾಡಬಾರದು ಎಂಬ ಆಶಯದ ಅವರ ಸೂತ್ರಗಳನ್ನು ಇಂದಿನ ಬಳಗಗಳೂ ಅನುಸರಿಸುತ್ತವೆ, ಎಷ್ಟೋ ಬಾರಿ ಅವರ ಹೆಸರನ್ನೂ ಅರಿಯದೆ.

ಇದೇ ಫ್ರಾನ್ಸಿನಲ್ಲಿ ಗುಂಪು ಸವಾರಿಯ ಕುರಿತು ಎರಡು ಪಂಥಗಳೂ ಬೆಳೆದವು. 1904ರಲ್ಲಿ ಹೆನ್ರಿ ಡೆಗ್ರಾಂಜ್ ಪ್ರೋತ್ಸಾಹದಿಂದ ಆರಂಭವಾದ ‘ಒಡಾಕ್ಸ್’ ಪದ್ಧತಿಯಲ್ಲಿ ಎಲ್ಲರೂ ರಸ್ತೆ ನಾಯಕನ ಹಿಂದೆ ಒಂದೇ ಗುಂಪಾಗಿ ಸಾಗಬೇಕು, ನಾಯಕನನ್ನು ದಾಟುವಂತಿಲ್ಲ. 1921ರಲ್ಲಿ ‘ಒಡಾಕ್ಸ್ ಕ್ಲಬ್ ಪ್ಯಾರಿಸಿಯೆನ್’ ಇದರಿಂದ ಬೇರೆಯಾಗಿ, ನಿಗದಿತ ಅವಧಿಯೊಳಗೆ ಯಾರು ಬೇಕಾದರೂ ತಮ್ಮ ವೇಗದಲ್ಲಿ ಸಾಗಬಹುದು ಎಂಬ ಪದ್ಧತಿಯನ್ನು ತಂದಿತು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಎಂಬ ಇಂದಿನ ‘ಬ್ರೆವೆ’ ಸವಾರಿಗಳ ಗಡುವು ಇದೇ ಪರಂಪರೆಯದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ ಕರ್ನಾಟಕದ ಸವಾರರೂ ಪಾಲ್ಗೊಂಡಿದ್ದಾರೆ. ಅದು ಕಡೆಯದಾಗಿ ನಡೆದದ್ದು 2023ರ ಆಗಸ್ಟ್‌ನಲ್ಲಿ.

ಒಟ್ಟಿಗೆ ಸಾಗಬೇಕೇ, ಅವರವರ ವೇಗಕ್ಕೆ ಬಿಡಬೇಕೇ ಎಂಬ ನೂರು ವರ್ಷದ ಹಿಂದಿನ ಈ ಪ್ರಶ್ನೆ ನಮ್ಮ ಭಾನುವಾರದ ಸವಾರಿಗಳಲ್ಲಿ ಇಂದಿಗೂ ಜೀವಂತ.

ನಮ್ಮ ನೆಲದಲ್ಲಿ

ಭಾರತದಲ್ಲಿ ಬಹುಕಾಲ ಸೈಕಲ್ಲು ಹವ್ಯಾಸವಾಗಿರಲಿಲ್ಲ, ಅನಿವಾರ್ಯ ವಾಹನವಾಗಿತ್ತು. ಆದರೂ ಸಾಹಸಿಗರಿಗೆ ಕೊರತೆಯಿರಲಿಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರ ತಂಡದಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗರಾ ಜಗತ್ತನ್ನು ಸುತ್ತಿ 1928ರಲ್ಲಿ ಮರಳಿದರು. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೊ ಕಂಪನಿಗಳು ಸೈಕಲ್ಲನ್ನು ಹಳ್ಳಿ ಹಳ್ಳಿಗೂ ತಲುಪಿಸಿದವು.

ಕರ್ನಾಟಕದಲ್ಲಿ ಸ್ಪರ್ಧಾ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹೆಸರು ಮುಂಚೂಣಿಯಲ್ಲಿ ಬರುತ್ತದೆ. ಬಯಲುಸೀಮೆಯ ಆ ಊರುಗಳ ಬಡ ಮನೆಗಳಿಂದ ರಾಷ್ಟ್ರಮಟ್ಟದ ಸವಾರರು ಬಂದಿದ್ದಾರೆ. ವಾರಾಂತ್ಯದ ಹವ್ಯಾಸಿ ಬಳಗಗಳು ಬೆಳೆದದ್ದು ಮಾತ್ರ ಹೆಚ್ಚಾಗಿ ಬೆಂಗಳೂರಿನಲ್ಲಿ, 2000ದ ದಶಕದಲ್ಲಿ ಗೇರು ಸೈಕಲ್ಲುಗಳು ಸುಲಭವಾಗಿ ಸಿಗತೊಡಗಿದ ಮೇಲೆ. ರೈಡ್ ಎ ಸೈಕಲ್ ಫೌಂಡೇಷನ್ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಹಲವು ದಿನಗಳ ಬೆಟ್ಟದ ಸವಾರಿಯ ರುಚಿಯನ್ನು ಹವ್ಯಾಸಿಗಳಿಗೆ ಹತ್ತಿಸಿತು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಯೋಜನೆ ನಗರ ಸವಾರಿಗೆ ಇಂಬು ನೀಡಿತು. ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ನಂತರ ಆ ದಿನದ ಸಾಮೂಹಿಕ ಸವಾರಿಯೂ ವಾಡಿಕೆಯಾಯಿತು.

ನಂದಿ ಎಂಬ ಪಾಠಶಾಲೆ

ಬೆಂಗಳೂರಿನ ಸವಾರರಿಗೆ ನಂದಿಬೆಟ್ಟವೇ ಪ್ರಥಮ ಪಾಠಶಾಲೆ. ನಗರದಿಂದ ಸುಮಾರು 60 ಕಿ.ಮೀ. ದೂರ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ತಪ್ಪಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ನೆತ್ತಿಯ ಮೇಲೆ ಯೋಗನಂದೀಶ್ವರ. ಟಿಪ್ಪುವಿನ ಬೇಸಿಗೆ ಅರಮನೆ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಬಂಗಲೆ ಇರುವ ಈ ಬೆಟ್ಟಕ್ಕೆ 1986ರ ಸಾರ್ಕ್ ಶೃಂಗಸಭೆಯ ನಾಯಕರೂ ಬಂದಿದ್ದರು.

ತಪ್ಪಲಿನವರೆಗೆ ಎರಡು ದಾರಿಗಳು ಬಳಕೆಯಲ್ಲಿವೆ. ಯಲಹಂಕ, ದೇವನಹಳ್ಳಿ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 44 ನೇರವಾದ ದಾರಿ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಇಲ್ಲಿನ ವಾಹನ ದಟ್ಟಣೆಯೂ ವೇಗವೂ ಮಿತಿಮೀರಿವೆ. ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಒಳದಾರಿ ಬಳಸಾದರೂ ತುಸು ನಿರಾಳ. ಮರಳುವಾಗ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯನ್ನು ಹಾಯ್ದು, ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ ರಸ್ತೆಗಳಲ್ಲಿ ಸುತ್ತುವ ಬಳಗಗಳೂ ಉಂಟು.

ಬೆಟ್ಟದ ರಸ್ತೆ ಸ್ಥಿರವೆಂದು ಭಾವಿಸುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋದಾಗ ಬೆಟ್ಟಕ್ಕೆ ಪ್ರವೇಶವೇ ಹಲವು ವಾರ ಸ್ಥಗಿತಗೊಂಡಿತ್ತು. ಪ್ರವೇಶದ ವೇಳೆ, ವಾರಾಂತ್ಯದ ನಿಯಮ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸುವುದು ಕ್ಷೇಮ.

ಏರಿನ ಲೆಕ್ಕ

ತಪ್ಪಲಿನಿಂದ ಮೇಲಕ್ಕೆ ಸುಮಾರು 8 ಕಿ.ಮೀ. ಏರುದಾರಿ, ಏರಬೇಕಾದ ಎತ್ತರ ಸುಮಾರು 450 ಮೀಟರ್. ಅಂದರೆ ಪ್ರತಿ ನೂರು ಮೀಟರಿಗೆ ಸರಾಸರಿ ಐದೂವರೆ ಮೀಟರಿನಷ್ಟು ಏರು. ಕೆಲವು ತಿರುವುಗಳಲ್ಲಿ ಇದು ಇನ್ನೂ ಕಡಿದು.

ಸವಾರ, ಸೈಕಲ್ ಸೇರಿ 80 ಕಿಲೊ ತೂಕವೆಂದುಕೊಳ್ಳೋಣ. ಇಷ್ಟು ಭಾರವನ್ನು 450 ಮೀಟರ್ ಎತ್ತಲು ಸುಮಾರು 350 ಕಿಲೊಜೂಲ್ ಶಕ್ತಿ ಬೇಕು. ಒಂದು ಗಂಟೆಯಲ್ಲಿ ಹತ್ತಿದರೆ ಸರಾಸರಿ 100 ವಾಟ್, 40 ನಿಮಿಷದಲ್ಲಿ ಹತ್ತಿದರೆ ಸುಮಾರು 150 ವಾಟ್. ಟೈರಿನ ಘರ್ಷಣೆ, ಗಾಳಿಯ ತಡೆ ಸೇರಿದರೆ ಇನ್ನೂ ತುಸು ಹೆಚ್ಚು. ದೇಹವು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಪೆಡಲಿಗೆ ತಲುಪಿಸುತ್ತದೆ. ಹಾಗಾಗಿ ಈ ಏರೊಂದಕ್ಕೇ ಸುಮಾರು 350 ಕಿಲೊಕ್ಯಾಲರಿ, ಅಂದರೆ ಆರೇಳು ಇಡ್ಲಿಗಳಷ್ಟು ಆಹಾರ ವ್ಯಯವಾಗುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವರ ಬೆನ್ನಿಗೆ ಅಂಟಿಕೊಂಡಂತೆ ಸಾಗಿದರೆ ಈ ಶ್ರಮ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಬಯಲಿನಲ್ಲಿ ಬಲಿಷ್ಠರ ಹಿಂದೆ ದುರ್ಬಲರೂ ತೇಲಿಕೊಂಡು ಹೋಗಬಲ್ಲರು. ಬೆಟ್ಟದಲ್ಲಿ ವೇಗ ಹತ್ತು ಕಿ.ಮೀ.ಗೆ ಕುಸಿಯುತ್ತದೆ, ಗಾಳಿಯ ಲೆಕ್ಕ ಬಹುತೇಕ ಮಾಯವಾಗುತ್ತದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಭಾರವನ್ನು ತಾವೇ ಹೊರಬೇಕು. 40 ಕಿ.ಮೀ. ಒಗ್ಗಟ್ಟಾಗಿ ಬಂದ ಗುಂಪು ಮೊದಲ ತಿರುವಿನಲ್ಲೇ ಚದುರುವುದು ಇದರಿಂದಲೇ. ಅದು ಯಾರ ತಪ್ಪೂ ಅಲ್ಲ, ಭೌತಶಾಸ್ತ್ರದ ನಿಯಮ.

ಇಲ್ಲಿ ನೆರವಿಗೆ ಬರುವುದು ಗೇರು. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಚಕ್ರಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 10 ಕಿ.ಮೀ. ವೇಗ. ಭಾರದ ಗೇರಿನಲ್ಲಿ ಎದ್ದುನಿಂತು ಹೊಡೆದಾಡುವುದಕ್ಕಿಂತ ಹಗುರ ಗೇರಿನಲ್ಲಿ ಕುಳಿತು ಸಮಗತಿಯಲ್ಲಿ ತುಳಿಯುವುದು ಮಂಡಿಗೂ ಉಸಿರಿಗೂ ಹಿತ. ಏರು ಬರುವ ಮುನ್ನವೇ ಗೇರು ಇಳಿಸಬೇಕು. ಭಾರ ಬಿದ್ದ ಮೇಲೆ ಬದಲಿಸಲು ಹೋದರೆ ಚೈನ್ ಕಳಚುವ ಸಂಭವ ಹೆಚ್ಚು.

ಹಿಂದುಳಿದವರ ಪ್ರಶ್ನೆ

ಪ್ರತಿಯೊಂದು ಬಳಗದ ನಿಜವಾದ ಪರೀಕ್ಷೆ ನಡೆಯುವುದು ಈ ಚದುರುವಿಕೆಯಲ್ಲೇ. ಮೊದಲಿಗರು ಅರ್ಧ ಗಂಟೆಯಲ್ಲಿ ಮೇಲೇರಿದರೆ ಕೊನೆಯವರಿಗೆ ಒಂದೂವರೆ ಗಂಟೆ ಹಿಡಿಯಬಹುದು. ಬೆವರಿದ ಮೈಯಲ್ಲಿ ಬೆಟ್ಟದ ಚಳಿಗಾಳಿಗೆ ನಿಂತು ಕಾಯುವುದು ಮುಂದಿನವರಿಗೆ ಕಷ್ಟ. ತನ್ನಿಂದಾಗಿ ಇಪ್ಪತ್ತು ಮಂದಿ ಕಾಯುತ್ತಿದ್ದಾರೆಂಬ ಸಂಕೋಚ ಹಿಂದಿನವರಿಗೆ ಇನ್ನೂ ಕಷ್ಟ. ‘ನೀವು ಹೋಗಿಬಿಡಿ ಸಾರ್, ನಾನು ನಿಧಾನವಾಗಿ ಬರ್ತೀನಿ’ ಎಂಬ ಮಾತು ಬರುವುದು ಆಗಲೇ. ಈ ಮಾತನ್ನು ನಂಬಿ ಹೋಗಿಬಿಡುವ ಬಳಗಕ್ಕೆ ಆ ಸವಾರರು ಮತ್ತೊಮ್ಮೆ ಬರುವುದು ಅಪರೂಪ. ದಾರಿ ತಪ್ಪಿದರೆ, ಪಂಕ್ಚರ್ ಆದರೆ, ಬಿಸಿಲಿಗೆ ತಲೆಸುತ್ತಿದರೆ ಅವರ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂಬುದು ಅದಕ್ಕಿಂತ ಗಂಭೀರ ಸಂಗತಿ.

ಅನುಭವಿ ಬಳಗಗಳು ಇದಕ್ಕೆ ಕೆಲವು ಉಪಾಯಗಳನ್ನು ಕಂಡುಕೊಂಡಿವೆ:

* ಏರಿನಲ್ಲಿ ಅವರವರ ವೇಗಕ್ಕೆ ಬಿಡುವುದು. ಆದರೆ ಮೊದಲೇ ಗೊತ್ತುಪಡಿಸಿದ ತಾಣಗಳಲ್ಲಿ ಎಲ್ಲರೂ ಸೇರುವವರೆಗೆ ಮುಂದುವರಿಯದಿರುವುದು.

* ಕೊನೆಯವರು ಬಂದ ಕೂಡಲೇ ಹೊರಡದಿರುವುದು. ಮುಂದಿನವರು ವಿಶ್ರಮಿಸಿ ಸಿದ್ಧರಾಗಿರುತ್ತಾರೆ. ಆಗಷ್ಟೇ ತಲುಪಿದವರಿಗೆ ವಿಶ್ರಾಂತಿ ಹೆಚ್ಚು ಅಗತ್ಯ. ಅವರು ನೀರು ಕುಡಿದು ಸುಧಾರಿಸಿಕೊಂಡ ಬಳಿಕವೇ ಗುಂಪು ಕದಲಬೇಕು.

* ಬಲಿಷ್ಠರಿಗೆ ಹೆಚ್ಚುವರಿ ಏರು ಸೂಚಿಸುವುದು. ಮೇಲೆ ಮುಟ್ಟಿದವರು ಅರ್ಧ ದಾರಿ ಇಳಿದು, ಹಿಂದಿನವರ ಜೊತೆ ಮತ್ತೆ ಹತ್ತಿದರೆ ಅವರ ವ್ಯಾಯಾಮವೂ ಆಯಿತು, ಇವರಿಗೆ ಜೊತೆಯೂ ಆಯಿತು.

* ಕವಲು ದಾರಿಗಳಲ್ಲಿ ಒಬ್ಬರನ್ನು ನಿಲ್ಲಿಸಿ, ಕಾವಲು ಸವಾರರು ಬರುವವರೆಗೆ ಅವರು ಜಾಗ ಬಿಡದಂತೆ ನೋಡಿಕೊಳ್ಳುವುದು.

* ಹೊರಡುವಾಗ, ಪ್ರತಿ ತಂಗುದಾಣದಲ್ಲಿ ಹಾಗೂ ಕಡೆಗೆ ತಲೆ ಎಣಿಸುವುದು.

ಹಿಂದಿನ ಕಾವಲು ಸವಾರರ ಕೆಲಸಕ್ಕೆ ಕೀರ್ತಿ ಕಡಿಮೆ, ಹೊಣೆ ಹೆಚ್ಚು. ಅವರು ಬಲಿಷ್ಠರಾಗಿರಬೇಕು, ಪಂಕ್ಚರ್ ಹಾಕಲು ಬಲ್ಲವರಾಗಿರಬೇಕು, ಮಾತಿನಲ್ಲಿ ಹಿತವಾಗಿರಬೇಕು. ಈ ಹೊಣೆಯನ್ನು ಒಬ್ಬರ ಮೇಲೇ ಹೊರಿಸದೆ ಪ್ರತಿವಾರ ಸರದಿಯಂತೆ ಬದಲಿಸುವ ಬಳಗಗಳು ಹೆಚ್ಚು ಕಾಲ ಬಾಳುತ್ತವೆ.

ಇಳಿಜಾರಿನಲ್ಲಿ ಎಚ್ಚರ

ಹೊಸಬರು ಏರಿಗೆ ಹೆದರುತ್ತಾರೆ. ಅನುಭವಿಗಳು ಹೆದರುವುದು ಇಳಿಜಾರಿಗೆ. ಹತ್ತುವಾಗ ಸಂಗ್ರಹಿಸಿದ 350 ಕಿಲೊಜೂಲ್ ಶಕ್ತಿಯೆಲ್ಲ ಇಳಿಯುವಾಗ ಗಾಳಿಯ ತಡೆಯಲ್ಲಿ ಅಥವಾ ಬ್ರೇಕಿನ ಬಿಸಿಯಲ್ಲಿ ಕರಗಬೇಕು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತಿ ಹಿಡಿದರೆ ಗಾಲಿಯ ಅಂಚು ಕಾದು ಟ್ಯೂಬ್ ಸಿಡಿಯಬಹುದು. ಆದ್ದರಿಂದ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತಬೇಕು. ತಿರುವಿನ ಒಳಗಲ್ಲ, ತಿರುವಿಗೆ ಮುನ್ನ ವೇಗ ತಗ್ಗಿಸಬೇಕು.

ವೇಗ ಇಮ್ಮಡಿಯಾದರೆ ಬ್ರೇಕಿನಿಂದ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದ ಸೈಕಲ್ಲು, ಸವಾರ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 10 ಮೀಟರಿನಲ್ಲಿ ನಿಂತೀತು. 40 ಕಿ.ಮೀ. ವೇಗಕ್ಕೆ 25 ಮೀಟರಿಗಿಂತ ಹೆಚ್ಚು ಬೇಕು. ನಂದಿಯಂಥ ರಸ್ತೆಯಲ್ಲಿ ತಿರುವಿನಾಚೆ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ. ಎದುರಿಗೆ ಕಾರು, ರಸ್ತೆಯಲ್ಲಿ ಕೋತಿ, ಮಂಜಿನ ತೇವ, ಉದುರಿದ ಎಲೆ, ಜಲ್ಲಿ ಏನು ಬೇಕಾದರೂ ಇರಬಹುದು.

ಆದಕಾರಣ ಇಳಿಜಾರಿನಲ್ಲಿ ಪೈಪೋಟಿ ಸಲ್ಲದು, ಒಬ್ಬರಿಂದೊಬ್ಬರಿಗೆ ಹಲವು ಸೈಕಲ್ಲುಗಳ ಅಂತರವಿರಬೇಕು, ರಸ್ತೆಯ ಮಧ್ಯದ ಗೆರೆಯನ್ನು ಯಾವ ಕಾರಣಕ್ಕೂ ದಾಟಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಸೈಕಲ್ ಸವಾರರಿಗೆ ಹೆಲ್ಮೆಟ್ಟನ್ನು ಮೋಟಾರು ವಾಹನ ಕಾಯಿದೆ ಕಡ್ಡಾಯಗೊಳಿಸಿಲ್ಲ. ಆದರೆ ಹೆಲ್ಮೆಟ್ ಇಲ್ಲದವರನ್ನು ಸೇರಿಸಿಕೊಳ್ಳದಿರುವುದು ಬಳಗಗಳ ಅಲಿಖಿತ ಕಾನೂನು.

ಕೂಗು, ಸನ್ನೆ

ಗುಂಪಿನಲ್ಲಿ ಹಿಂದಿನವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಮುಂದಿನವರ ಕೈ ಮತ್ತು ಬಾಯಿಯೇ ಅವರ ಕಣ್ಣು. ಗುಂಡಿಯಿದ್ದರೆ ಆ ಬದಿಯ ಕೈಯಿಂದ ನೆಲ ತೋರುವುದು, ನಿಲ್ಲುವುದಾದರೆ ಕೈ ಎತ್ತುವುದು, ರಸ್ತೆ ಬದಿಯ ಅಡ್ಡಿಯಿದ್ದರೆ ಬೆನ್ನ ಹಿಂದೆ ಕೈ ಬೀಸುವುದು ವಾಡಿಕೆ. ‘ಗುಂಡಿ’, ‘ಹಂಪ್’, ‘ಹಿಂದೆ ಬಸ್ಸು’ ಎಂಬ ಕೂಗು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಸಾಗಬೇಕು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವುದು ಈ ಕಾರಣಕ್ಕೇ ನಿಷಿದ್ಧ. ಮುಂದಿನವರ ಹಿಂಗಾಲಿಗೆ ನಮ್ಮ ಮುಂಗಾಲಿಯನ್ನು ಅಡ್ಡಡ್ಡ ಹೊಂದಿಸಿಕೊಂಡು ಸಾಗಬಾರದು. ತುಸು ತಾಗಿದರೂ ಬೀಳುವವರು ಹಿಂದಿನವರೇ.

ವಾಹನ ಸಂಚಾರವಿರುವ ರಸ್ತೆಯಲ್ಲಿ ಒಂಟಿ ಸಾಲು ಕ್ಷೇಮ. ದೊಡ್ಡ ಗುಂಪನ್ನು ಎಂಟು-ಹತ್ತು ಮಂದಿಯ ತುಕಡಿಗಳಾಗಿ ಒಡೆದು ನಡುವೆ ಅಂತರ ಬಿಟ್ಟರೆ ಹಿಂದಿನಿಂದ ಬರುವ ವಾಹನಗಳಿಗೆ ದಾಟಲು ಅನುಕೂಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ಹಾಗೂ ನಿಧಾನಗತಿಯ ವಾಹನಗಳಿಗೆ ನಿಷೇಧವಿದೆ. ಸೈಕಲ್ ಸವಾರರು ಸರ್ವಿಸ್ ರಸ್ತೆಯನ್ನೇ ಬಳಸಬೇಕು.

ಬುತ್ತಿ, ನೀರು

ಹುರುಪಿನಿಂದ ತುಳಿದರೆ ದೇಹದಲ್ಲಿ ಶೇಖರವಾದ ಸಕ್ಕರೆಯಂಶ ಒಂದೂವರೆ-ಎರಡು ಗಂಟೆಯಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಆಮೇಲೆ ಒಮ್ಮೆಲೇ ಕಾಲು ಸೋತು, ಕಣ್ಣು ಕತ್ತಲಿಡುತ್ತದೆ. ಆದ್ದರಿಂದ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಏನನ್ನಾದರೂ ತಿನ್ನುತ್ತಿರಬೇಕು. ಇದಕ್ಕೆ ದುಬಾರಿ ಪೊಟ್ಟಣಗಳೇ ಬೇಕೆಂದಿಲ್ಲ. ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಖರ್ಜೂರ ಸಾಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಸಾಮಾನ್ಯ ಅಳತೆ. ಬಿಸಿಲು ಹೆಚ್ಚಿದ್ದರೆ ಬರಿ ನೀರಿನ ಬದಲು ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ, ಮಜ್ಜಿಗೆ ಅಥವಾ ಓಆರ್‌ಎಸ್ ಉತ್ತಮ. ಒಂದೇ ಬಾರಿಗೆ ಅತಿಯಾಗಿ ನೀರು ಕುಡಿದು ಮೈಯ ಉಪ್ಪಿನಂಶ ತೆಳುವಾಗುವುದೂ ಅಪಾಯಕರ.

ಘಟ್ಟಗಳ ಕರೆ

ನಂದಿಯಲ್ಲಿ ಪಳಗಿದವರ ಕಣ್ಣು ಪಶ್ಚಿಮ ಘಟ್ಟದತ್ತ ಹೊರಳುತ್ತದೆ. ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಸುತ್ತಲಿನ ಕಾಫಿ ತೋಟಗಳ ದಾರಿ, ಶಿವಮೊಗ್ಗ-ಉಡುಪಿ ಗಡಿಯ ಆಗುಂಬೆ ಘಾಟಿ, ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ, ಕೊಡಗಿನ ಏರಿಳಿತಗಳು ಹವ್ಯಾಸಿಗಳಿಗೆ ಅಚ್ಚುಮೆಚ್ಚು. ನೆರೆಯ ತಮಿಳುನಾಡಿನಲ್ಲಿ ಮಸಿನಗುಡಿಯಿಂದ ಊಟಿಗೆ ಏರುವ, 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ ಬಲಿಷ್ಠರಿಗೂ ಬೆವರಿಳಿಸುತ್ತದೆ.

ಇಲ್ಲಿ ಋತುವಿನ ಲೆಕ್ಕ ಅತಿ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಧಾರಾಕಾರ ಮಳೆ. ಆಗುಂಬೆಯ ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡಗಳೇ ಜರಿದು ರಸ್ತೆಗಳು ಮುಚ್ಚಿದ್ದವು. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿಯೇ ಪ್ರಶಸ್ತ.

ಕಾಡಿನ ದಾರಿಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಜಾರಿಯಲ್ಲಿದೆ. ಸೈಕಲ್ಲಿಗೆ ಸದ್ದಿಲ್ಲದಿರುವುದರಿಂದ ತಿರುವಿನಲ್ಲಿ ಆನೆಗೆ ಎದುರಾಗುವ ಅಪಾಯ ಕಾರಿನವರಿಗಿಂತ ಇವರಿಗೆ ಹೆಚ್ಚು; ರಕ್ಷಣೆಗೆ ತಗಡಿನ ಗೋಡೆಯೂ ಇಲ್ಲ. ಅರಣ್ಯ ಇಲಾಖೆಯ ಅನುಮತಿ, ಬೆಂಗಾವಲು ವಾಹನ ಇಲ್ಲದೆ ಇಂಥ ದಾರಿಗಿಳಿಯುವುದು ಸಾಹಸವಲ್ಲ, ಅವಿವೇಕ.

ಅವಘಡ ಸಂಭವಿಸಿದರೆ

ಗುಂಪಿನ ಪ್ರತಿಯೊಬ್ಬರ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ಮೊಬೈಲ್ ಸಂಖ್ಯೆ ಬರೆದ ಚೀಟಿ ಇರಬೇಕು. ಯಾರಾದರೂ ಬಿದ್ದರೆ ಮೊದಲು ಹಿಂದಿನ ವಾಹನಗಳನ್ನು ತಡೆಯಲು ಇಬ್ಬರನ್ನು ನಿಲ್ಲಿಸಬೇಕು. ತಲೆಗೆ, ಕತ್ತಿಗೆ ಪೆಟ್ಟಾದ ಶಂಕೆಯಿದ್ದರೆ ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು, ಹೆಲ್ಮೆಟ್ ಎಳೆದು ತೆಗೆಯಬಾರದು. ಆಂಬುಲೆನ್ಸ್‌ಗೆ 108, ಪೊಲೀಸ್ ಸೇರಿದಂತೆ ಎಲ್ಲ ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗಳಿಗೆ ಕರೆ ಮಾಡಬಹುದು. ನೆರವಾಗುವ ದಾರಿಹೋಕರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಂ ಕಾನೂನಿನ ರಕ್ಷಣೆ ನೀಡಿದೆ ಎಂಬುದನ್ನೂ ತಿಳಿದಿರಬೇಕು.

ಹೊಸಬರಿಗೆ ಕಿವಿಮಾತು

ಮೊದಲ ದಿನವೇ ಬೆಟ್ಟಕ್ಕೆ ಹೊರಡಬೇಕಿಲ್ಲ. 20, 40, 60 ಕಿ.ಮೀ. ಎಂದು ದೂರವನ್ನು ವಾರವಾರಕ್ಕೆ ಹೆಚ್ಚಿಸುತ್ತ ಹೋಗಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗವಿರುವವರು ವೈದ್ಯರ ಸಲಹೆ ಪಡೆಯುವುದು ಒಳಿತು. ಸೀಟಿನ ಎತ್ತರ ಸರಿಯಿದ್ದರೆ ಮಂಡಿನೋವು ಅರ್ಧ ಕಡಿಮೆಯಾದಂತೆಯೇ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರಬೇಕು. ಹೊರಡುವ ಹಿಂದಿನ ರಾತ್ರಿ ಬ್ರೇಕ್, ಚೈನ್, ಟೈರಿನ ಗಾಳಿ ಪರೀಕ್ಷಿಸಬೇಕು. ಒಂದು ಹೆಚ್ಚುವರಿ ಟ್ಯೂಬ್, ಪಂಪ್, ಟೈರ್ ಬಿಚ್ಚುವ ಲಿವರ್, ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಸ್ವಲ್ಪ ನಗದು ಜೊತೆಗಿರಲಿ. ನಮ್ಮ ರಸ್ತೆಗಳ ಜಾಲಿ ಮುಳ್ಳು ದುಬಾರಿ ಸೈಕಲ್, ಅಗ್ಗದ ಸೈಕಲ್ ಎಂಬ ಭೇದವೆಣಿಸುವುದಿಲ್ಲ.

ಬಳಗ ಆರಿಸಿಕೊಳ್ಳುವಾಗ ಅವರ ಸರಾಸರಿ ವೇಗ ಎಷ್ಟು ಎಂದು ಕೇಳುವುದಕ್ಕಿಂತ ಹಿಂದಿನ ಕಾವಲಿಗೆ ಯಾರಿರುತ್ತಾರೆ ಎಂದು ಕೇಳುವುದು ಲೇಸು. ಉತ್ತರ ತಡವರಿಸಿದರೆ ಬೇರೆ ಬಳಗ ನೋಡಬಹುದು.

ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ಸವಾರರು, ತಮ್ಮ ಹಿಂದೆ ಬರಲಿರುವ ಅಪರಿಚಿತರು ಬೀಳದಿರಲೆಂದು ಗುಡ್ಡದ ನೆತ್ತಿಯ ಮೇಲೆ ಕಬ್ಬಿಣದ ಫಲಕ ನೆಟ್ಟರು. ಇಂದು ನಂದಿಯ ಕಡೆಯ ತಿರುವಿನಲ್ಲಿ, ಮೇಲೆ ತಲುಪಿ ಮತ್ತೆ ಕೆಳಗಿಳಿದು ಬಂದ ಸವಾರನೊಬ್ಬ ಏದುಸಿರು ಬಿಡುತ್ತಿರುವ ಹೊಸಬರ ಪಕ್ಕದಲ್ಲಿ ನಿಧಾನವಾಗಿ ತುಳಿಯುತ್ತ ‘ಇನ್ನೇನು ಬಂತು, ಒಂದೇ ತಿರುವು’ ಎನ್ನುತ್ತಾನೆ. ನಿಜಕ್ಕೂ ಇನ್ನು ಮೂರು ತಿರುವುಗಳಿರುತ್ತವೆ. ಆದರೂ ಆ ಮಾತು ಕಾಲಿಗೆ ಬಲ ತುಂಬುತ್ತದೆ.